ತೋಫು: ಸಿಚುವಾನ್ ಪಾಕಪದ್ಧತಿ ಮತ್ತು ಬಳ್ಳಾರಿ ಸೀಮೆಯ ಅಡುಗೆಮನೆ

ಸೋಯಾ ಅವರೆಯ ಹಾಲನ್ನು ಒಡೆಸಿ, ಗರಣೆಗಟ್ಟಿದ ಭಾಗವನ್ನು ಬಟ್ಟೆಯಲ್ಲಿ ಒತ್ತಿ ತೆಗೆದ ಬಿಳಿಯ ಗಟ್ಟಿಯೇ ತೋಫು. ಇದರ ಮೂಲ ಚೀನಾ. ಅಲ್ಲಿಂದ ಇದು ಜಪಾನ್, ಕೊರಿಯಾ, ವಿಯೆಟ್ನಾಂ, ಇಂಡೋನೇಷ್ಯಾಗಳಿಗೆ ಹರಡಿತು. ಭಾರತದ ಅಂಗಡಿಗಳಲ್ಲಿ ಇದು ಹೆಚ್ಚಾಗಿ 'ಸೋಯಾ ಪನ್ನೀರ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ತೋಫುವಿಗೆ ಸ್ವಂತ ರುಚಿ ತೀರ ಕಡಿಮೆ, ಒಳಗೆ ನೀರಿನ ಅಂಶ ಬಹಳ. ಚೀನಾದ ನೈಋತ್ಯ ಭಾಗದ ಸಿಚುವಾನ್ ಪ್ರಾಂತ್ಯದವರು ಈ ಎರಡು ಕೊರತೆಗಳನ್ನು ಇಟ್ಟುಕೊಂಡೇ ಒಂದು ಪಾಕಪದ್ಧತಿಯನ್ನು ಕಟ್ಟಿದರು. ಮಸಾಲೆಯನ್ನು ತೋಫುವಿನ ಒಳಗೆ ಇಳಿಸುವ ಪ್ರಯತ್ನವನ್ನು ಅಲ್ಲಿಯ ಬಾಣಸಿಗರು ಮಾಡುವುದಿಲ್ಲ. ಹುಳಿಯಿಸಿದ ಮೆಣಸಿನಕಾಯಿ ಮುದ್ದೆಯ ಸಾರವನ್ನು ಎಣ್ಣೆಗೆ ಬಿಡಿಸಿ, ಆ ಎಣ್ಣೆಯನ್ನು ಗಂಜಿಯ ನೆರವಿನಿಂದ ತೋಫುವಿನ ಮೈಗೆ ಅಂಟಿಸುತ್ತಾರೆ. ಮೆಣಸಿನಕಾಯಿ, ಶೇಂಗಾ ಎಣ್ಣೆ, ಅಕ್ಕಿ ಮೂರೂ ಧಾರಾಳವಾಗಿ ಸಿಗುವ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಭಾಗದಲ್ಲಿ ಈ ಅಡುಗೆಗೆ ಬೇಕಾದ ಸಾಮಗ್ರಿಯಲ್ಲಿ ಬಹುಪಾಲು ಊರಲ್ಲೇ ದೊರೆಯುತ್ತದೆ. ಮುಖ್ಯವಾಗಿ ಸಿಗದಿರುವುದು ಹುಳಿಯಿಸಿದ ಮುದ್ದೆ.

ಇತಿಹಾಸ

ತೋಫುವನ್ನು ಕಂಡುಹಿಡಿದ ಕೀರ್ತಿಯನ್ನು ಚೀನೀ ಐತಿಹ್ಯವು ಹ್ವಾಯ್‌ನಾನ್ ಸಂಸ್ಥಾನದ ಅರಸ ಲಿಯು ಆನ್‌ಗೆ (ಕ್ರಿ.ಪೂ. 179–122) ಕೊಡುತ್ತದೆ. ಇದಕ್ಕೆ ಸಮಕಾಲೀನ ದಾಖಲೆಯಿಲ್ಲ. ಹೆನಾನ್ ಪ್ರಾಂತ್ಯದ ದಾಹುತಿಂಗ್‌ನಲ್ಲಿರುವ ಹಾನ್ ಕಾಲದ ಗೋರಿಯೊಂದರ ಶಿಲಾಚಿತ್ರದಲ್ಲಿ ತೋಫು ತಯಾರಿಕೆಯನ್ನು ಕೊರೆಯಲಾಗಿದೆ ಎಂದು ಕೆಲವು ವಿದ್ವಾಂಸರು ವಾದಿಸಿದರೆ, ಅದು ಮದ್ಯ ತಯಾರಿಕೆಯ ಚಿತ್ರವೆಂದು ಬೇರೆಯವರು ಹೇಳುತ್ತಾರೆ. ಸಂದೇಹಕ್ಕೆ ಎಡೆಯಿಲ್ಲದ ಮೊದಲ ಉಲ್ಲೇಖ ಸಿಗುವುದು 10ನೆಯ ಶತಮಾನದ ತಾವ್ ಗು ಎಂಬವನ ಬರಹದಲ್ಲಿ. ಚಿಂಗ್‌ಯಾಂಗ್ ಎಂಬ ಊರಿನ ಕಿರಿಯ ಅಧಿಕಾರಿಯೊಬ್ಬ ಮಾಂಸ ಕೊಳ್ಳಲು ಕೈಗೂಡದೆ ದಿನವೂ ಕೆಲವು ತುಂಡು ತೋಫು ಕೊಂಡು ಉಣ್ಣುತ್ತಿದ್ದನಂತೆ. ಊರಿನ ಜನ ತೋಫುವಿಗೆ ಆ ಅಧಿಕಾರಿಯ ಕುರಿಮಾಂಸವೆಂದೇ ಅಡ್ಡಹೆಸರು ಇಟ್ಟರು. ಪ್ರಾಮಾಣಿಕ ನೌಕರನ ಊಟ ಎಂಬ ಹೆಸರು ತೋಫುವಿಗೆ ಅಂದಿನಿಂದಲೂ ಇದೆ.

ಇಂದು ಸಿಚುವಾನ್ ಎಂದರೆ ಖಾರ ಎಂಬ ಮಾತಿದ್ದರೂ ಮೆಣಸಿನಕಾಯಿ ಅಲ್ಲಿಗೆ ತಡವಾಗಿ ಬಂದ ಬೆಳೆ. ಅಮೆರಿಕ ಖಂಡದ ಈ ಗಿಡ ಚೀನೀ ಗ್ರಂಥಗಳಲ್ಲಿ ಮೊದಲು ಕಾಣುವುದು 1591ರಲ್ಲಿ, ಗಾವ್ ಲಿಯನ್‌ನ ಕೃತಿಯಲ್ಲಿ. ಅಲ್ಲಿ ಅದು ಅಂದಕ್ಕೆ ಬೆಳೆಸುವ ಗಿಡ. ಸಿಚುವಾನ್‌ನ ಸಾಮಾನ್ಯ ಜನರ ಅಡುಗೆಯಲ್ಲಿ ಅದು ನೆಲೆಯೂರಿದ್ದು 18–19ನೆಯ ಶತಮಾನಗಳಲ್ಲಿ. ಪೋರ್ಚುಗೀಸರ ಮೂಲಕ ದಕ್ಷಿಣ ಭಾರತಕ್ಕೆ ಬಂದ ಮೆಣಸಿನಕಾಯಿಯ ಕಥೆಯೂ ಹೆಚ್ಚು ಹಳೆಯದಲ್ಲ. 

ತಯಾರಿಕೆ ಮತ್ತು ಬಗೆಗಳು

ಸೋಯಾ ಅವರೆಯಲ್ಲಿ ತೂಕದ ಸುಮಾರು ಶೇ. 40 ಪ್ರೋಟೀನ್, ಶೇ. 20 ಎಣ್ಣೆ ಇರುತ್ತದೆ. ಕಾಳನ್ನು ನೆನೆಸಿ, ನೀರು ಹಾಕಿ ರುಬ್ಬಿ, ಸೋಸಿ, ಹಾಲನ್ನು ಚೆನ್ನಾಗಿ ಕುದಿಸಬೇಕು. ಕುದಿಸುವುದು ಕೇವಲ ರುಚಿಗಲ್ಲ. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಮಾಡುವ ಅಂಶಗಳಿದ್ದು, ಅವು ಕುದಿಯಲ್ಲಿ ನಾಶವಾಗುತ್ತವೆ. ಹಸಿಕಾಳಿನ ವಾಸನೆಗೆ ಕಾರಣವಾದ ಕಿಣ್ವವೂ ಬಿಸಿಗೆ ಸಾಯುತ್ತದೆ. ತಣ್ಣೀರಿನಲ್ಲಿ ರುಬ್ಬುವ ಬದಲು ಕುದಿನೀರಿನಲ್ಲಿ ರುಬ್ಬಿದರೆ ಆ ವಾಸನೆ ಹುಟ್ಟುವುದೇ ಕಡಿಮೆ. ಕುದಿದ ಹಾಲು 75–80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಒಡೆಸುವ ಪದಾರ್ಥವನ್ನು ನೀರಿನಲ್ಲಿ ಕದಡಿ ಸೇರಿಸಿ, ಅಲುಗಿಸದೆ ಕಾಲುಗಂಟೆ ಬಿಡುತ್ತಾರೆ. ಬಳಿಕ ಗರಣೆಯನ್ನು ಬಟ್ಟೆ ಹಾಸಿದ ಅಚ್ಚಿಗೆ ಸುರಿದು ಮೇಲೆ ಭಾರ ಇಡುತ್ತಾರೆ. 1 ಕಿಲೋ ಕಾಳಿನಿಂದ ಒತ್ತಡಕ್ಕೆ ತಕ್ಕಂತೆ ಒಂದೂವರೆಯಿಂದ ಎರಡು ಕಿಲೋ ತೋಫು ಸಿಗುತ್ತದೆ.

ಒಡೆಸುವ ಪದಾರ್ಥದಲ್ಲೇ ಪ್ರದೇಶಭೇದ ಶುರುವಾಗುತ್ತದೆ. ದಕ್ಷಿಣ ಚೀನಾದಲ್ಲಿ ಆಹಾರದರ್ಜೆಯ ಜಿಪ್ಸಂ ಬಳಕೆ ಹೆಚ್ಚು; ಅದರಿಂದ ಬರುವ ತೋಫು ನುಣುಪು, ನೀರಿನಂಶವೂ ಹೆಚ್ಚು. ಉತ್ತರದಲ್ಲಿ ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರು, ಅಂದರೆ ಮೆಗ್ನೀಸಿಯಂ ಕ್ಲೋರೈಡ್, ಬಳಕೆಯಲ್ಲಿದೆ. ಆ ತೋಫು ಒರಟು, ಕಾಳಿನ ಸವಿ ಎದ್ದು ಕಾಣುತ್ತದೆ. ಸಿಚುವಾನ್‌ನಲ್ಲಿ ಎರಡೂ ಇವೆ. ಯುನ್ನಾನ್‌ನಲ್ಲಿ ಹಿಂದಿನ ದಿನದ ತೋಫುವಿನ ಹುಳಿನೀರಿನಿಂದಲೇ ಮರುದಿನದ ಹಾಲನ್ನು ಒಡೆಸುವ ರೂಢಿಯಿದೆ. ಭಾರತದ ಮನೆಗಳಲ್ಲಿ ನಿಂಬೆರಸ ಇಲ್ಲವೆ ವಿನಿಗರ್ ಹಾಕುತ್ತಾರೆ. ಅದರಿಂದ ತೋಫು ಆಗುತ್ತದೆ, ಆದರೆ ಪುಡಿಪುಡಿಯಾಗಿ ಸಣ್ಣ ಹುಳಿ ಉಳಿಯುತ್ತದೆ. ಮುಂದೆ ವಿವರಿಸಿರುವ ಸಿಚುವಾನ್‌ನ ಮಾಪೊ ತೋಫುವಿನಂಥ ಮೆದು ಅಡುಗೆಗೆ ಅದು ಒದಗುವುದಿಲ್ಲ.

ಬಯಲುಸೀಮೆಯಲ್ಲಿ ತೋಫು ತಯಾರಿಸುವವರು ಎರಡು ವಿಷಯ ಗಮನಿಸಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ರುಬ್ಬುವಾಗಲೇ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಹಾಲು ತೆಳುವಾಗಿ ತೋಫು ಕಡಿಮೆ ಬರುತ್ತದೆ. ಕಾಲುವೆ ನೀರು ಅಥವಾ ಶುದ್ಧೀಕರಣ ಘಟಕದ ನೀರು ಮೇಲು. ಇನ್ನು, ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಕಾಳನ್ನು ರಾತ್ರಿಯಿಡೀ ನೆನೆಸಿದರೆ ನೀರು ನೊರೆಬಂದು ಹುಳಿಯುತ್ತದೆ. ಐದಾರು ಗಂಟೆ ಸಾಕು, ನಡುವೆ ಒಮ್ಮೆ ನೀರು ಬದಲಿಸಬೇಕು.

ನೀರಿನ ಅಂಶವೇ ತೋಫುವಿನ ಬಗೆಗಳನ್ನು ಬೇರ್ಪಡಿಸುತ್ತದೆ. ಒತ್ತದೆ ಪಾತ್ರೆಯಲ್ಲೇ ಹೆಪ್ಪುಗಟ್ಟಿದ್ದು ರೇಷ್ಮೆ ತೋಫು. ಇದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ ಇರುತ್ತದೆ. ಸ್ವಲ್ಪ ಒತ್ತಿದ್ದು ಮೆದು ತೋಫು, ಇನ್ನೂ ಒತ್ತಿದ್ದು ಗಟ್ಟಿ ತೋಫು, ನೀರನ್ನೆಲ್ಲ ಹಿಂಡಿ ಮಸಾಲೆನೀರಿನಲ್ಲಿ ಬೇಯಿಸಿದ್ದು ಒಣ ತೋಫು. ಕರ್ನಾಟಕದ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಬರುವುದು ಬಹುತೇಕ ಗಟ್ಟಿ ತೋಫುವೇ. ಪನ್ನೀರಿನ ಜಾಗದಲ್ಲಿ ಬಳಸಲೆಂದೇ ಅದನ್ನು ಹಾಗೆ ಒತ್ತಿರುತ್ತಾರೆ.

ಭಾರತ ಮತ್ತು ಕರ್ನಾಟಕದಲ್ಲಿ ಸೋಯಾ

ಈಶಾನ್ಯ ಭಾರತದಲ್ಲಿ ಸೋಯಾ ಹಳೆಯ ಆಹಾರ. ಸಿಕ್ಕಿಂನ ಕಿನೆಮಾ, ನಾಗಾಲ್ಯಾಂಡಿನ ಅಖುನಿ ಎರಡೂ ಹುಳಿಯಿಸಿದ ಸೋಯಾ ಕಾಳುಗಳೇ. ಉಳಿದ ಭಾರತದಲ್ಲಿ ಗಾಂಧೀಜಿಯವರು 1935ರ ಸುಮಾರಿಗೆ 'ಹರಿಜನ' ಪತ್ರಿಕೆಯಲ್ಲಿ ಸೋಯಾ ಬಗ್ಗೆ ಬರೆದು, ವಾರ್ಧಾದ ಮಗನ್‌ವಾಡಿಯಲ್ಲಿ ಅದರ ಅಡುಗೆಯ ಪ್ರಯೋಗ ನಡೆಸಿದರು. ಆದರೂ ಬೆಳೆಯಾಗಿ ಅದು ಹಬ್ಬಿದ್ದು 1970ರ ನಂತರ, ಮಧ್ಯಪ್ರದೇಶದಿಂದ. ಅದೂ ಎಣ್ಣೆಗಾಗಿ ಮತ್ತು ಹಿಂಡಿಗಾಗಿ. ಕರ್ನಾಟಕದಲ್ಲಿ ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಮುಂಗಾರು ಬೆಳೆಯಾಗಿ ಸೋಯಾ ನೆಲೆಯೂರಿದೆ. ತುಕ್ಕುರೋಗ ತಡೆಯುವ ಡಿಎಸ್‌ಬಿ-21 ತಳಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೊಡುಗೆ. ಭತ್ತ, ಮೆಣಸಿನಕಾಯಿ, ಹತ್ತಿ, ಜೋಳ, ಕಡಲೆ ಬೆಳೆಯುವ ಬಳ್ಳಾರಿ ಜಿಲ್ಲೆಯಲ್ಲಿ ಸೋಯಾ ಮುಖ್ಯ ಬೆಳೆಯಲ್ಲ. ಇಲ್ಲಿಯ ಅಡುಗೆಮನೆಗೆ ಅದು ಬಂದಿರುವುದು ಎಣ್ಣೆಯಾಗಿ ಮತ್ತು 'ಮೀಲ್ ಮೇಕರ್' ಎಂದು ಕರೆಯುವ ಒಣ ಸೋಯಾ ಉಂಡೆಗಳಾಗಿ. ಎಣ್ಣೆ ತೆಗೆದ ಹಿಟ್ಟಿನಿಂದ ಮಾಡುವ ಈ ಉಂಡೆಗೂ ತೋಫುವಿಗೂ ಕಾಳು ಒಂದೇ ಆದರೂ ಅಡುಗೆಯಲ್ಲಿ ಅವು ತೀರ ಬೇರೆ ಬೇರೆ: ಉಂಡೆ ಸ್ಪಂಜಿನಂತೆ ಸಾರನ್ನು ಹೀರುತ್ತದೆ, ತೋಫು ಹೀರುವುದಿಲ್ಲ.

ರಾಜ್ಯದಲ್ಲಿ ತೋಫು ನಿತ್ಯದ ಆಹಾರವಾಗಿರುವುದು ಟಿಬೆಟನ್ ನೆಲೆಗಳಲ್ಲಿ. 1960ರ ದಶಕದಲ್ಲಿ ನೆಲೆಗೊಂಡ ಬೈಲಕುಪ್ಪೆ, ಮುಂಡಗೋಡಗಳ ಹೋಟೆಲುಗಳಲ್ಲಿ ತರಕಾರಿಯೊಡನೆ ಹುರಿದ ತೋಫು, ತೋಫು ಹಾಕಿದ ನೂಡಲ್ ಸಾರು ಸಾಮಾನ್ಯ.

ಕಾಳಿನ ಹಿಟ್ಟನ್ನು ಬೇಯಿಸಿ ಗಟ್ಟಿಯಾಗಿಸಿ ತುಂಡು ಮಾಡುವ ಕ್ರಮ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಕಡಲೆಹಿಟ್ಟಿನ ಜುಣಕದ ವಡಿ ಅಂಥದ್ದು. ಬರ್ಮಾದ ಶಾನ್ ಜನ ಕಡಲೆಹಿಟ್ಟಿನಿಂದ ಮಾಡುವ, ಅದಕ್ಕೆ ತೋಫು ಎಂದೇ ಹೆಸರಿಟ್ಟಿರುವ ಹಳದಿ ಗಟ್ಟಿಯೂ, ಯುನ್ನಾನ್‌ನ ಬಟಾಣಿ ಗಟ್ಟಿಯೂ ಇದರ ಹತ್ತಿರದ ನಂಟು. ಇವು ಹೆಪ್ಪಾಗುವುದು ಗಂಜಿಯ ಬಲದಿಂದ, ಸೋಯಾ ತೋಫು ಹೆಪ್ಪಾಗುವುದು ಪ್ರೋಟೀನಿನ ಬಲದಿಂದ. ಬಿಸಿಯಾದ ಸಾರಿನಲ್ಲಿ ಜುಣಕದ ವಡಿ ಮೆತ್ತಗಾಗಿ ಕರಗುತ್ತ ಹೋಗುತ್ತದೆ. ತೋಫು ಎಷ್ಟು ಹೊತ್ತು ಕುದಿದರೂ ಕರಗದು, ಇನ್ನಷ್ಟು ಬಿಗಿಯಾಗುತ್ತದೆ.

ಸಿಚುವಾನ್ ರುಚಿಯ ಮೂಲಗಳು

ಸಿಚುವಾನ್ ಅಡುಗೆಗೆ ಆಧಾರ ದೌಬಾನ್‌ಜಿಯಾಂಗ್ ಎಂಬ ಮುದ್ದೆ. ಇದರಲ್ಲಿ ಪ್ರಸಿದ್ಧವಾದುದು ಚೆಂಗ್ಡು ನಗರದ ಪಿಶಿಯಾನ್ ಪ್ರದೇಶದ್ದು. 2016ರಿಂದ ಆ ಪ್ರದೇಶಕ್ಕೆ ಪಿಡು ಎಂಬ ಆಡಳಿತ ಹೆಸರು ಬಂದಿದೆ. ಸಿಪ್ಪೆ ತೆಗೆದ ಫಾವಾ ಅವರೆಗೆ ಗೋಧಿಹಿಟ್ಟು ಹೊರಳಿಸಿ ಬೂಷ್ಟು ಹಿಡಿಸಿ, ಉಪ್ಪುನೀರಿನಲ್ಲಿ ಮಾಗಿಸುತ್ತಾರೆ. ಹಣ್ಣಾದ ಅರ್‌ಜಿಂಗ್‌ತಿಯಾವ್ ಮೆಣಸಿನಕಾಯಿಯನ್ನು ಕೊಚ್ಚಿ ಉಪ್ಪು ಬೆರೆಸಿ ಬೇರೆಯಾಗಿ ಹುಳಿಯಿಸುತ್ತಾರೆ. ಎರಡನ್ನೂ ಕೂಡಿಸಿ ದೊಡ್ಡ ಮಣ್ಣಿನ ಹಂಡೆಗಳಲ್ಲಿ ಬಯಲಿನಲ್ಲಿಟ್ಟು ಹಗಲು ಬಿಸಿಲು, ರಾತ್ರಿ ಇಬ್ಬನಿ ತಾಗಿಸಿ, ದಿನವೂ ಕೈಯಾಡಿಸಿ, ಮಳೆಗೆ ಮುಚ್ಚಳ ಹಾಕಿ ಒಂದು ವರ್ಷದಿಂದ ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮಾಗಿಸುತ್ತಾರೆ. ವರ್ಷಗಳು ಕಳೆದಂತೆ ಕೆಂಪು ಬಣ್ಣ ಕಂದಿಗೆ ತಿರುಗುತ್ತದೆ. ಈ ಕುಶಲಕಲೆಯನ್ನು ಚೀನಾ 2008ರಲ್ಲಿ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬೂಷ್ಟಿನ ಕಿಣ್ವಗಳು ಅವರೆಯ ಪ್ರೋಟೀನನ್ನು ಒಡೆದು ಗ್ಲುಟಮೇಟ್ ಮುಂತಾದ ರುಚಿಕಾರಕಗಳನ್ನು ಬಿಡುಗಡೆ ಮಾಡುತ್ತವೆ. ಮಾಂಸದ ಸಾರಿನಲ್ಲಿ ಸಿಗುವ ತುಂಬುರುಚಿ ಇಲ್ಲಿ ಕಾಳಿನಿಂದಲೇ ಬರುತ್ತದೆ.

ಎರಡನೆಯದು ದೌಚಿ: ಕಪ್ಪು ಸೋಯಾ ಕಾಳನ್ನು ಉಪ್ಪಿನಲ್ಲಿ ಹುಳಿಯಿಸಿ ಒಣಗಿಸಿದ್ದು. ಸ್ವಲ್ಪ ಹಾಕಿದರೂ ಸಾರಿಗೆ ಆಳ ಬರುತ್ತದೆ.

ಮೂರನೆಯದು ಹ್ವಾಜಿಯಾವ್. ಇದನ್ನು 'ಸಿಚುವಾನ್ ಮೆಣಸು' ಎಂದು ಕರೆದರೂ ಇದು ಕರಿಮೆಣಸಿನ ಕುಲದ್ದಲ್ಲ, ನಿಂಬೆಯ ಕುಟುಂಬಕ್ಕೆ ಸೇರಿದ ಮುಳ್ಳುಗಿಡದ ಕಾಯಿಯ ಸಿಪ್ಪೆ. ಒಳಗಿನ ಕಪ್ಪು ಬೀಜ ಮರಳಿನಂತೆ ಹಲ್ಲಿಗೆ ಸಿಗುವುದರಿಂದ ಅದನ್ನು ಬಿಸಾಡುತ್ತಾರೆ. ಸಿಪ್ಪೆಯಲ್ಲಿರುವ ಸ್ಯಾನ್‌ಶೂಲ್ ಎಂಬ ರಾಸಾಯನಿಕ ನಾಲಿಗೆಯನ್ನು ಮರಗಟ್ಟಿಸುತ್ತದೆ. 2013ರಲ್ಲಿ ಲಂಡನ್ನಿನ ಸಂಶೋಧಕರು ತುಟಿಗೆ ಇದನ್ನು ಹಚ್ಚಿ ನಡೆಸಿದ ಪ್ರಯೋಗದಲ್ಲಿ, ಸೆಕೆಂಡಿಗೆ ಸುಮಾರು 50 ಬಾರಿ ಕಂಪಿಸುವ ವಸ್ತು ತಾಗಿದಂತೆ ನರಗಳು ಸ್ಪಂದಿಸುವುದು ಕಂಡುಬಂತು. ಎಂದರೆ ಇದು ರುಚಿಯೂ ಅಲ್ಲ, ವಾಸನೆಯೂ ಅಲ್ಲ, ಸ್ಪರ್ಶ. ಮೆಣಸಿನಕಾಯಿಯ ಉರಿಯೊಡನೆ ಇದು ಸೇರಿದಾಗ ಸಿಚುವಾನ್ ಅಡುಗೆಯ ವಿಶಿಷ್ಟ ಖಾರ ಹುಟ್ಟುತ್ತದೆ.

ಎಣ್ಣೆಯ ಪಾತ್ರವನ್ನು ಕಡೆಗಣಿಸುವಂತಿಲ್ಲ. ಅಲ್ಲಿಯವರು ಹುರಿದ ರೇಪ್‌ಸೀಡ್ ಎಣ್ಣೆ ಬಳಸುತ್ತಾರೆ. ಇದು ಸಾಸಿವೆ ಎಣ್ಣೆಯ ಹತ್ತಿರದ್ದು. ಮೆಣಸಿನಕಾಯಿಯ ಬಣ್ಣ, ಖಾರ ಎರಡೂ ನೀರಿನಲ್ಲಿ ಕರಗವು, ಎಣ್ಣೆಯಲ್ಲಿ ಕರಗುತ್ತವೆ. ಎಣ್ಣೆ ಉಳಿಸಲು ಹೋದವರ ಮಾಪೊ ತೋಫು ಪೇಲವವಾಗಲು ಇದೇ ಕಾರಣ.

ಮಾಪೊ ತೋಫು

ಸಿಚುವಾನ್ ತೋಫುಗಳಲ್ಲಿ ಅಗ್ರಸ್ಥಾನ ಮಾಪೊ ತೋಫುವಿನದು. ಚೆಂಗ್ಡುವಿನ ಉತ್ತರದ ಹೊರವಲಯದಲ್ಲಿ ವಾನ್‌ಫು ಸೇತುವೆಯ ಬಳಿ 1862ರಲ್ಲಿ ಚೆನ್ ಮನೆತನದವರು ತೆರೆದ ಊಟದಂಗಡಿ ಇದರ ತವರು ಎಂಬುದು ಅಂಗಡಿಯವರ ಪರಂಪರೆಯ ಮಾತು. ಮುಖದಲ್ಲಿ ಸಿಡುಬಿನ ಕಲೆಗಳಿದ್ದ ಅಂಗಡಿಯೊಡತಿಯಿಂದ ಅಡುಗೆಗೆ ಆ ಹೆಸರು ಬಂತು. ಸೇತುವೆ ದಾಟುತ್ತಿದ್ದ ಎಣ್ಣೆ ಹೊರುವ ಕೂಲಿಗಳು ತಮ್ಮ ಪೀಪಾಯಿಯಿಂದ ತುಸು ಎಣ್ಣೆ, ಎದುರಿನ ಅಂಗಡಿಯಿಂದ ಒಂದಿಷ್ಟು ಮಾಂಸ, ತೋಫು ತಂದುಕೊಟ್ಟು ಅಡುಗೆ ಮಾಡಿಸಿಕೊಳ್ಳುತ್ತಿದ್ದರಂತೆ. 1909ರಲ್ಲಿ ಪ್ರಕಟವಾದ ಚೆಂಗ್ಡು ನಗರದ ಕೈಪಿಡಿಯೊಂದರಲ್ಲಿ ಪ್ರಸಿದ್ಧ ತಿನಿಸುಗಳ ಪಟ್ಟಿಯಲ್ಲಿ ಈ ತೋಫು ಸೇರಿರುವುದರಿಂದ ಆ ವೇಳೆಗಾಗಲೇ ಅದು ಹೆಸರಾಗಿತ್ತೆಂದು ತಿಳಿಯುತ್ತದೆ. ಮರಗಟ್ಟಿಸುವುದು, ಖಾರ, ಸುಡುಬಿಸಿ, ಮೃದು, ಮಾಂಸದ ಗರಿಗರಿ, ಪರಿಮಳ, ತುಂಡು ಒಡೆಯದಿರುವುದು – ಇವೆಲ್ಲ ಇದ್ದರಷ್ಟೇ ಅದು ಮಾಪೊ ಎಂದು ಚೆಂಗ್ಡು ಜನ ಒಪ್ಪುತ್ತಾರೆ.

ನಾಲ್ಕು ಜನರಿಗೆ ಸುಮಾರು 400 ಗ್ರಾಂ ಮೆದು ತೋಫು ಬೇಕು. ಅದನ್ನು ಎರಡು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಉಪ್ಪು ಹಾಕಿದ ನೀರಿನಲ್ಲಿ ಕುದಿ ಬರದಂತೆ ಐದು ನಿಮಿಷ ಇಡುತ್ತಾರೆ. ಎಷ್ಟೋ ಜನ ಬಿಟ್ಟುಬಿಡುವ ಈ ಹಂತವೇ ಅಡುಗೆಯ ಅರ್ಧ ಯಶಸ್ಸು. ಬಿಸಿ ಉಪ್ಪುನೀರು ತೋಫುವಿನ ಒಳಗಿನ ಸಡಿಲ ನೀರನ್ನು ಹೊರದೂಡುತ್ತದೆ, ಹೊರಮೈಯನ್ನು ಬಿಗಿಗೊಳಿಸುತ್ತದೆ, ಹಸಿವಾಸನೆಯನ್ನು ತೆಗೆಯುತ್ತದೆ, ಒಳಗೆ ಸಣ್ಣಗೆ ಉಪ್ಪನ್ನು ಇಳಿಸುತ್ತದೆ. ತಣ್ಣನೆಯ ತೋಫುವನ್ನು ನೇರವಾಗಿ ಬಾಣಲೆಗೆ ಹಾಕಿದರೆ ಆ ನೀರೆಲ್ಲ ಬಡಿಸುವ ಹೊತ್ತಿಗೆ ಸಾರಿಗೆ ಬಿಟ್ಟುಕೊಂಡು ತಟ್ಟೆಯ ತಳದಲ್ಲಿ ನಿಲ್ಲುತ್ತದೆ.

ಬಾಣಲೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ, 75–100 ಗ್ರಾಂ ಕೈಮಾವನ್ನು ನೀರು ಆರಿ ಗರಿಯಾಗುವವರೆಗೆ ಹುರಿಯುತ್ತಾರೆ. ಮೂಲ ಪಾಕದಲ್ಲಿರುವುದು ದನದ ಮಾಂಸ. ಉರಿ ತಗ್ಗಿಸಿ ಎರಡು ದೊಡ್ಡ ಚಮಚ ದೌಬಾನ್‌ಜಿಯಾಂಗ್ ಹಾಕಿ, ಎಣ್ಣೆ ಕೆಂಪಗೆ ಬಿಟ್ಟುಕೊಳ್ಳುವವರೆಗೆ ಬಾಡಿಸುತ್ತಾರೆ. ಉರಿ ಜೋರಾದರೆ ಮುದ್ದೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಬಳಿಕ ಒಂದು ಚಮಚ ದೌಚಿ, ಜಜ್ಜಿದ ಶುಂಠಿ, ಬೆಳ್ಳುಳ್ಳಿ, ಒಂದು ಚಮಚ ಮೆಣಸಿನಕಾಯಿ ಪುಡಿ. ಘಮ ಬಂದ ಮೇಲೆ ಒಂದು ಲೋಟ ನೀರು ಅಥವಾ ಸಾರು ಸುರಿದು ತೋಫುವನ್ನು ಇಳಿಬಿಟ್ಟು, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕುದಿಸುತ್ತಾರೆ. ಸೌಟಿನಿಂದ ತಿರುವುವ ಹಾಗಿಲ್ಲ, ಸೌಟಿನ ಬೆನ್ನಿನಿಂದ ಮುಂದಕ್ಕೆ ತಳ್ಳಬೇಕು.

ಕೊನೆಗೆ ಗಂಜಿ. ನೀರಿನಲ್ಲಿ ಕದಡಿದ ಪಿಷ್ಟವನ್ನು ಒಂದೇ ಸಲ ಹಾಕದೆ ಮೂರು ಸಲ, ನಡುನಡುವೆ ಅರ್ಧ ನಿಮಿಷ ಬಿಟ್ಟು ಹಾಕುತ್ತಾರೆ. ಕುದಿಯುತ್ತ ತೋಫು ನೀರು ಬಿಡುತ್ತಲೇ ಇರುವುದರಿಂದ ಮೊದಲ ಗಂಜಿ ತೆಳುವಾಗುತ್ತದೆ. ಎರಡನೆಯದು, ಮೂರನೆಯದು ಅದನ್ನು ಮತ್ತೆ ಬಿಗಿಗೊಳಿಸಿ ಕೆಂಪು ಎಣ್ಣೆಯನ್ನು ತುಂಡುಗಳ ಮೇಲೆ ಹಿಡಿದಿಡುತ್ತವೆ. ಬಡಿಸುವಾಗ ಹುರಿದು ಪುಡಿ ಮಾಡಿದ ಹ್ವಾಜಿಯಾವ್ ಮತ್ತು ಹೆಚ್ಚಿದ ಬೆಳ್ಳುಳ್ಳಿ ಎಲೆ ಉದುರಿಸುತ್ತಾರೆ.

ಸಿಚುವಾನ್‌ನ ಇತರ ತೋಫುಗಳು, ಇತರ ಪ್ರಾಂತ್ಯಗಳು

ಗಟ್ಟಿ ತೋಫು ಮಾತ್ರ ಸಿಗುವ ಊರಿನಲ್ಲಿ ಮಾಪೊಗಿಂತ ಹೊಂದುವುದು 'ಜಿಯಾಚಾಂಗ್', ಅಂದರೆ ಮನೆವಾರ್ತೆಯ ತೋಫು. ಬೆರಳುದ್ದದ ಬಿಲ್ಲೆಗಳನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಕರಿದು, ದೌಬಾನ್‌ಜಿಯಾಂಗ್ ಸಾರಿನಲ್ಲಿ ಹಂದಿಮಾಂಸದ ಚೂರು ಅಥವಾ ತರಕಾರಿಯೊಡನೆ ಬೇಯಿಸುತ್ತಾರೆ. ಕರಿದಾಗ ಹೊರಮೈ ಬಲೆಯಂತಾಗಿ ಸಾರನ್ನು ಹಿಡಿಯುತ್ತದೆ. ಕಡಿಮೆ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸಿದರೆ ಸುಕ್ಕುಬಿದ್ದ ಮೈಯಿಂದಾಗಿ ಅದೇ ಅಡುಗೆಗೆ ಕರಡಿಪಂಜದ ತೋಫು ಎಂದು ಹೆಸರು. ಫುಶುನ್ ಊರಿನ ದೌಹ್ವಾ ಇನ್ನೊಂದು ತುದಿ: ಬಾಯಲ್ಲಿ ಕರಗುವ ಹೆಪ್ಪನ್ನು ಬಿಸಿನೀರಿನಲ್ಲೇ ಬಡಿಸಿ, ಖಾರದ ಮುದ್ದೆಯಲ್ಲಿ ಅದ್ದಿ ಅನ್ನದೊಡನೆ ತಿನ್ನುತ್ತಾರೆ.

ಹಾಕ್ಕಾ ಜನರು ತೋಫುವನ್ನು ತೋಡಿ ಮಾಂಸ ತುಂಬುತ್ತಾರೆ. ಯಾಂಗ್‌ಜೋವ್‌ನ ವೆನ್ಸಿ ತೋಫುವಿನಲ್ಲಿ ರೇಷ್ಮೆ ತೋಫುವನ್ನು ಕೂದಲೆಳೆಯಂತೆ ಕತ್ತರಿಸಿ ಸಾರಿನಲ್ಲಿ ತೇಲಿಬಿಡುತ್ತಾರೆ; ಅದು ಕತ್ತಿಯ ಪರೀಕ್ಷೆ. ಹ್ವೀಜೋವ್‌ನಲ್ಲಿ ಬಿಳಿಬೂಷ್ಟು ಬೆಳೆಸಿದ ತೋಫುವನ್ನು ಕಾಯಿಸಿ ತಿನ್ನುತ್ತಾರೆ, ಛಾಂಗ್‌ಶಾದಲ್ಲಿ ನಾರುವ ಕಪ್ಪು ತೋಫುವನ್ನು ಕರಿಯುತ್ತಾರೆ. ಈಶಾನ್ಯ ಚೀನಾದ ಕೊರೆಯುವ ಚಳಿಯಲ್ಲಿ ತೋಫುವನ್ನು ಹೊರಗಿಟ್ಟು ಹೆಪ್ಪುಗಟ್ಟಿಸುವ ರೂಢಿಯಿದೆ. ಒಳಗಿನ ನೀರು ಮಂಜಿನ ಹರಳಾಗಿ ತೂತುಗಳನ್ನು ಮಾಡುವುದರಿಂದ ಕರಗಿಸಿ ಹಿಂಡಿದ ತೋಫು ಮೀಲ್ ಮೇಕರ್‌ನಂತೆ ಸಾರನ್ನು ಹೀರುತ್ತದೆ. ಮನೆಯ ಫ್ರೀಜರಿನಲ್ಲೂ ಇದು ಸಾಧ್ಯ. ಗಟ್ಟಿ ತೋಫುವಿನ ಒಳಗೆ ರುಚಿ ಇಳಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಭಾರತದ 'ಶೆಜ್ವಾನ್'

ಭಾರತದಲ್ಲಿ ಚೀನೀ ಅಡುಗೆಯನ್ನು ಹರಡಿದವರು ಕೊಲ್ಕತ್ತದಲ್ಲಿ ನೆಲೆಸಿದ ಹಾಕ್ಕಾ ಮತ್ತು ಕ್ಯಾಂಟನೀಸ್ ಮೂಲದವರು. ಸಿಚುವಾನ್ ಪ್ರಾಂತ್ಯಕ್ಕೂ ಅವರಿಗೂ ಅಷ್ಟಾಗಿ ಸಂಬಂಧವಿಲ್ಲ. 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ್ಸನ್ ವಾಂಗ್ ಚಿಕನ್ ಮಂಚೂರಿಯನ್ ರೂಪಿಸಿದರೆಂಬ ಮಾತು ಪ್ರಚಲಿತ. ಅದರ ಸಸ್ಯಾಹಾರಿ ರೂಪವೇ ಗೋಬಿ ಮಂಚೂರಿ. ಬಳ್ಳಾರಿಯ ಸಂಜೆಯ ಬಂಡಿಗಳಿಂದ ಹಿಡಿದು ಸಿರುಗುಪ್ಪ, ಕುರುಗೋಡುಗಳ ಬಸ್ ನಿಲ್ದಾಣದ ಬಳಿಯವರೆಗೆ ಚೈನೀಸ್ ಎಂದರೆ ಗೋಬಿ, ಎಗ್ ರೈಸ್, ನೂಡಲ್ಸ್. ಇಲ್ಲಿ 'ಶೆಜ್ವಾನ್' ಎಂದು ಹಾಕುವ ಕೆಂಪು ಚಟ್ನಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ವಿನಿಗರ್, ಸಕ್ಕರೆಗಳ ಮಿಶ್ರಣ. ದೌಬಾನ್‌ಜಿಯಾಂಗ್ ಆಗಲಿ ಹ್ವಾಜಿಯಾವ್ ಆಗಲಿ ಅದರಲ್ಲಿಲ್ಲ. ಹುಳಿಯಿಸಿದ ಕಾಳಿನಿಂದ ಬರಬೇಕಾದ ತುಂಬುರುಚಿಯನ್ನು ಬಂಡಿಯವರು ಟೇಸ್ಟಿಂಗ್ ಪೌಡರ್‌ನಿಂದ, ಮಾಗಿದ ಮೆಣಸಿನಕಾಯಿಯಿಂದ ಬರಬೇಕಾದ ಕೆಂಪನ್ನು ಡಬ್ಬಿಯ ಬಣ್ಣದಿಂದ ತುಂಬಿಕೊಳ್ಳುತ್ತ ಬಂದರು. 2024ರ ಮಾರ್ಚಿನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಕಂಡುಬಂದು, ಅದರಲ್ಲಿ ಬಣ್ಣ ಬಳಸುವುದನ್ನು ಸರ್ಕಾರ ನಿಷೇಧಿಸಿತು. ರಾಜ್ಯದ ಅತ್ಯಂತ ಕೆಂಪು ಮೆಣಸಿನಕಾಯಿ ಬೆಳೆಯುವ ನೆಲದಲ್ಲಿ ಡಬ್ಬಿಯ ಕೆಂಪಿನ ಅಗತ್ಯ ಎಂದೂ ಇರಲಿಲ್ಲ.

ಬಳ್ಳಾರಿ ಸೀಮೆಯ ಸಾಮಗ್ರಿಯಲ್ಲಿ

ತುಂಗಭದ್ರಾ ಕಾಲುವೆಯ ನೀರು ಹರಿಯುವ ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಕಪ್ಪು ನೆಲದಲ್ಲಿ ಬ್ಯಾಡಗಿ ಮತ್ತು ಗುಂಟೂರು ಬಗೆಯ ಮೆಣಸಿನಕಾಯಿ ಎರಡೂ ಬೆಳೆಯುತ್ತವೆ. ಮಾಲಿನ ದೊಡ್ಡ ಪಾಲು ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತದೆ. ಬಳ್ಳಾರಿಯಲ್ಲೇ ಮಾರುಕಟ್ಟೆ ಬೇಕೆಂಬ ಬೇಡಿಕೆ ರೈತರದು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಸಿಚುವಾನ್‌ನ ಅರ್‌ಜಿಂಗ್‌ತಿಯಾವ್‌ನ ಗುಣವೂ ಸರಿಸುಮಾರು ಇದೇ: ಸುವಾಸನೆ ಮತ್ತು ಬಣ್ಣ ಮುಂದೆ, ಉರಿ ಹಿಂದೆ. ಎರಡು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ಸೇರಿಸಿದ ಪುಡಿ ಮಾಪೊ ತೋಫುವಿಗೆ ಸರಿಹೊಂದುತ್ತದೆ.

ಹುಳಿಯಿಸಿದ ಮುದ್ದೆಗೆ ಹತ್ತಿರದ್ದು ಈ ಭಾಗದ ಹಣ್ಣುಮೆಣಸಿನಕಾಯಿ ಚಟ್ನಿ. ಉತ್ತರ ಕರ್ನಾಟಕದ ಬೇರೆಡೆ ಇದಕ್ಕೆ ರಂಜಕ ಎನ್ನುತ್ತಾರೆ. ಗಿಡದಲ್ಲೇ ಹಣ್ಣಾದ ಹಸಿ ಕೆಂಪು ಕಾಯಿಯನ್ನು ಉಪ್ಪಿನೊಡನೆ ರುಬ್ಬಿ ಜಾಡಿಯಲ್ಲಿಟ್ಟರೆ ವರ್ಷ ಬಾಳುತ್ತದೆ. ಉಪ್ಪಿನಲ್ಲಿ ಹುಳಿಯುವ ಕ್ರಿಯೆ ಇಲ್ಲೂ ನಡೆಯುತ್ತದೆ. ಆದರೆ ಮನೆಗಳಲ್ಲಿ ಹುಣಸೆಹಣ್ಣು ಅಥವಾ ನಿಂಬೆರಸ, ಮೆಂತ್ಯ ಸೇರಿಸುವುದರಿಂದ ಆ ಚಟ್ನಿಯನ್ನು ಹಾಗೇ ತೋಫುವಿಗೆ ಹಾಕಿದರೆ ಗೊಜ್ಜಿನ ರುಚಿ ಬರುತ್ತದೆ. ಹುಳಿ, ಮೆಂತ್ಯ ಸೇರಿಸುವ ಮುಂಚೆ ಒಂದು ಪಾಲು ತೆಗೆದಿಟ್ಟುಕೊಂಡು, ಅದಕ್ಕೆ ಸೋಯಾ ಸಾಸ್ ಅಥವಾ ದೊಡ್ಡ ಊರಿನ ಅಂಗಡಿಗಳಲ್ಲಿ ಸಿಗುವ ಮಿಸೊ ಬೆರೆಸಿ ಎಣ್ಣೆಯಲ್ಲಿ ಬಾಡಿಸಿದರೆ ದೌಬಾನ್‌ಜಿಯಾಂಗ್‌ನ ಮುಕ್ಕಾಲು ಕೆಲಸ ನಡೆಯುತ್ತದೆ. ಉಳಿದ ಕಾಲುಭಾಗ, ಅಂದರೆ ಮಾಗಿದ ಅವರೆಯ ವಾಸನೆ, ಬೇರೆ ಯಾವುದರಿಂದಲೂ ಬಾರದು.

ಹ್ವಾಜಿಯಾವ್‌ನ ಸೋದರ ಕರ್ನಾಟಕದಲ್ಲೇ ಇದೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಜುಮ್ಮಿನಕಾಯಿ ಅದೇ ಕುಲದ ಮರದ ಫಲ. ಕರಾವಳಿಯ ಕೊಂಕಣಿಗರು ಇದನ್ನು ತೆಪ್ಪಳವೆಂದು ಕರೆದು ಬಂಗುಡೆ ಸಾರಿಗೆ, ಕಾಳಿನ ಹುಳಿಗೆ ಹಾಕುತ್ತಾರೆ. ಬೀಜ ಬಿಸಾಡಿ ಸಿಪ್ಪೆ ಬಳಸುವ ಕ್ರಮವೂ ಒಂದೇ. ವಾಸನೆ ಹ್ವಾಜಿಯಾವ್‌ಗಿಂತ ಕಟುವಾದುದರಿಂದ ಅರ್ಧದಷ್ಟು ಸಾಕು. ಸಿಪ್ಪೆಯನ್ನು ಒಣ ಬಾಣಲೆಯಲ್ಲಿ ಹುರಿದು ಆಗಲೇ ಪುಡಿ ಮಾಡಬೇಕು. ಪುಡಿ ಮಾಡಿಟ್ಟದ್ದು ಕೆಲವೇ ವಾರಗಳಲ್ಲಿ ಬಲಗುಂದುತ್ತದೆ.

ರೇಪ್‌ಸೀಡ್ ಎಣ್ಣೆಯ ಜಾಗಕ್ಕೆ ಗಾಣದ ಶೇಂಗಾ ಎಣ್ಣೆ ಒಗ್ಗುತ್ತದೆ, ಗಂಜಿಗೆ ಕಾರ್ನ್‌ಫ್ಲೋರ್ ಸಾಕು, ಬೆಳ್ಳುಳ್ಳಿ ಎಲೆಯ ಬದಲು ಈರುಳ್ಳಿ ತಪ್ಪಲು. ಮಾಂಸ ತಿನ್ನದ ಮನೆಗಳಲ್ಲಿ ಕೈಮಾದ ಬದಲು ಅಣಬೆಯನ್ನು ಸಣ್ಣಗೆ ಹೆಚ್ಚಿ, ನೀರು ಪೂರ್ತಿ ಆರುವವರೆಗೆ ಹುರಿದು ಹಾಕಬಹುದು. ನೆನೆಸಿ ಹಿಂಡಿ ಪುಡಿ ಮಾಡಿದ ಮೀಲ್ ಮೇಕರ್ ಕೂಡ ನಡೆಯುತ್ತದೆ, ಆದರೆ ಅದು ಎಣ್ಣೆಯನ್ನೆಲ್ಲ ಹೀರಿಕೊಳ್ಳುವುದರಿಂದ ಎಣ್ಣೆಯ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಗರಂ ಮಸಾಲೆ, ಧನಿಯಾ, ಅರಿಸಿನ ಈ ಅಡುಗೆಯ ಹತ್ತಿರ ಸುಳಿಯಬಾರದು. ಒಂದು ಚಿಟಿಕೆ ಬಿದ್ದರೂ ಅದು ಪನ್ನೀರ್ ಮಸಾಲೆಯಾಗುತ್ತದೆ.

ಮಾಪೊ ತೋಫು ಅನ್ನದ ಜೊತೆಯ ಪದಾರ್ಥವೇ ಹೊರತು ಬರೀ ತಿನ್ನುವ ತಿಂಡಿಯಲ್ಲ. ಉಪ್ಪು, ಖಾರ, ಎಣ್ಣೆ ಮೂರೂ ಅನ್ನದ ಲೆಕ್ಕ ಹಿಡಿದೇ ಬಿದ್ದಿರುತ್ತವೆ. ಸಿರುಗುಪ್ಪದ ಗಿರಣಿಗಳಿಂದ ಬರುವ ಸೋನಾ ಮಸೂರಿ, ಅದರಲ್ಲೂ ವರ್ಷ ಹಳೆಯದಾದ ಅಕ್ಕಿ ಬಿಡಿಬಿಡಿಯಾಗಿ ಬೇಯುವುದರಿಂದ ಗಂಜಿಗಟ್ಟಿದ ಸಾರಿಗೆ ಹೇಳಿಮಾಡಿಸಿದ್ದು. ಈ ಭಾಗದ ಜೋಳದ ರೊಟ್ಟಿಗೆ ನೀರಾದ ಮಾಪೊಗಿಂತ, ಸಾರು ಬತ್ತಿಸಿದ ಜಿಯಾಚಾಂಗ್ ತೋಫು ಹೊಂದುತ್ತದೆ.

ಪೋಷಣೆ ಮತ್ತು ಶೇಖರಣೆ

ಗಟ್ಟಿ ತೋಫುವಿನ 100 ಗ್ರಾಂನಲ್ಲಿ ಸುಮಾರು 10–15 ಗ್ರಾಂ ಪ್ರೋಟೀನ್ ಇರುತ್ತದೆ. ಕೊಬ್ಬು ಪನ್ನೀರಿಗಿಂತ ಕಡಿಮೆ, ಕೊಲೆಸ್ಟರಾಲ್ ಇಲ್ಲ. ಜಿಪ್ಸಂನಿಂದ ಒಡೆಸಿದ್ದರಲ್ಲಿ ಸುಣ್ಣದ ಅಂಶ ಚೆನ್ನಾಗಿರುತ್ತದೆ. ಬಿ-12 ಜೀವಸತ್ವ ಮಾತ್ರ ಇದರಲ್ಲಿ ಸಿಗುವುದಿಲ್ಲ. ಸೋಯಾ ಒಗ್ಗದ ದೇಹಪ್ರಕೃತಿಯವರು ತೋಫು, ಸೋಯಾ ಸಾಸ್, ದೌಚಿ ಮೂರನ್ನೂ ಬಿಡಬೇಕು. ಹುಳಿಯಿಸಿದ ಮುದ್ದೆಗಳಲ್ಲಿ ಉಪ್ಪು ಬಹಳ ಇರುವುದರಿಂದ ರಕ್ತದೊತ್ತಡ ಇರುವವರ ಅಡುಗೆಯಲ್ಲಿ ಬೇರೆ ಉಪ್ಪು ಹಾಕದಿರುವುದೇ ಸರಿ.

ಪೊಟ್ಟಣ ಒಡೆದ ತೋಫುವನ್ನು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಟ್ಟು ದಿನವೂ ನೀರು ಬದಲಿಸಿದರೆ ಮೂರ್ನಾಲ್ಕು ದಿನ ಇರುತ್ತದೆ. ಬೇಸಿಗೆಯಲ್ಲಿ ಹೊರಗಿಟ್ಟರೆ ಕೆಲವೇ ಗಂಟೆಗಳಲ್ಲಿ ಲೋಳೆಗಟ್ಟುತ್ತದೆ. ಮೈ ಜಾರುವಂತಾಗಿ ಹುಳಿವಾಸನೆ ಬಂದದ್ದನ್ನು ಕುದಿಸಿ ಸರಿಪಡಿಸಲು ಆಗದು. ಹಾಲು ಸೋಸಿದ ಮೇಲೆ ಉಳಿಯುವ ಸೋಯಾ ಚರಟ ಇನ್ನೂ ಬೇಗ ಕೆಡುವ ಪದಾರ್ಥ. ಅದನ್ನು ಅದೇ ದಿನ ಹುರಿದು ರೊಟ್ಟಿ ಹಿಟ್ಟಿಗೋ ವಡೆಗೋ ಬೆರೆಸಬಹುದು. ಚೀನಾದ ಹಳ್ಳಿಗಳಲ್ಲಿ ಅದನ್ನು ಹಂದಿಗಳಿಗೆ ಹಾಕುತ್ತಾರೆ. ಬೇಯಿಸಿ ಕೊಟ್ಟರೆ ದನಕರುಗಳಿಗೂ ಒಳ್ಳೆಯ ಮೇವು.